ದೋಸ್ತನಿಗೆ, ಬೆಟಗೇರಿ ಮನೆಯಿಂದ

ದೋಸ್ತ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಮುತ್ತಜ್ಜನ ಮನೆ ಕೆಲಸ ಅರ್ಧ ಮುಗಿಯಿತು. ಎಂಟು ಜಂತಿ ಬದಲಾಯಿಸಿದೆವು, ತೊಲೆ ಇನ್ನೂ ಗಟ್ಟಿ ಇದೆ. ಮಗ್ಗದ ಕುಣಿ ಮುಚ್ಚಿಸಿಲ್ಲ. ನಿನ್ನ ಚಪ್ಪಲಿ ಸಿಗಲಿಲ್ಲ.

ಜಾಸ್ತಿ ಸತಾಯಿಸಿದ್ದು ಸಿಮೆಂಟ್. ಬಾಳಿಕೆ ಬರಲಿ ಅಂತ ಅಪ್ಪ ಮಣ್ಣಿನ ಗೋಡೆಗೆ ಒಳಗಿನಿಂದ ಸಿಮೆಂಟ್ ಹೊಡೆಸಿದ್ದರಲ್ಲ, ಅದನ್ನು ಕೆತ್ತಿದರೆ ಹಿಂದೆ ಮಣ್ಣು ಹಸಿಹಸಿ. ಮಣ್ಣಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಆಮೇಲೆ ಬಿಡುತ್ತದೆ. ಸಿಮೆಂಟ್ ಬಿಡಗೊಡುವುದಿಲ್ಲ. ಈಗ ಸುಣ್ಣದ ಗಚ್ಚು ನಡೆದಿದೆ, ನೆನೆಹಾಕಿದ ಸುಣ್ಣ, ಉಸುಕು, ಬೆಲ್ಲದ ನೀರು. ಸುಣ್ಣ ನಿಧಾನಕ್ಕೆ ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ, ಅವಸರ ಮಾಡುವ ಹಾಗಿಲ್ಲ.

"ಹಂಗಾರ ಆ ತೇವ ಎಲ್ಲಿ ಹೋಗತಿತ್ತು?" ಅಂತ ಗೌಂಡಿಯನ್ನು ಸುಮ್ನೆ ಕೇಳಿದೆ. ಅವರು ನಡುಗೋಡೆಯ ಆಚೆ ಕೈ ತೋರಿಸಿದರು.

ಆಚೆ ಕಾಕುವಿನ ಮನೆ ಇತ್ತು. ಎರಡೂ ಮನೆಗೆ ಒಂದೇ ಗೋಡೆ, ನಿನಗೆ ಗೊತ್ತಲ್ಲ. 2019ರ ಮಳೆಗಾಲಕ್ಕೆ ಮುಂಚೆ ಕಾಕು ಫೋನ್ ಮಾಡಿದ್ದರು. "ನಮ್ಮ ಕಡಿ ಗ್ವಾಡಿ ಉದರಾಕತ್ತೈತಿ ತಮ್ಮಾ, ಅರ್ಧಾ ಅರ್ಧಾ ಹಾಕಿ ರಿಪೇರಿ ಮಾಡಸೋಣು." ಬೆಂಗಳೂರಿನಲ್ಲಿ ಕೂತು "ನೋಡೋಣ ಕಾಕು" ಅಂದೆ. ಎರಡು ಸಲ ಅಂದೆ. ಆ ಆಗಸ್ಟ್ ಮಳೆಗೆ ನಮ್ಮ ಕಡೆ ಎಷ್ಟೋ ಮಣ್ಣಿನ ಮನೆ ಬಿದ್ದವು, ಅವರ ಜಂತಿಗಳೂ ಗೋಡೆಯಿಂದ ಜಾರಿದವು. ಅವರು ಮಗಳ ಊರಿಗೆ ಹೋಗಿದ್ದು ಪುಣ್ಯ. ಮರಳಿ ಬರಲಿಲ್ಲ.

ದುಡ್ಡಿರಲಿಲ್ಲ ಅಂತ ನಿನಗೆ ಹೇಳಿದ್ದೆ. ಇತ್ತು. ಅದೇ ವರ್ಷ ಕಾರು ತಗೊಂಡೆ, ಗಾಲಿಗೆ ನಿಂಬೆಹಣ್ಣು ಇಟ್ಟವನು ನೀನೇ.

ಗದಗಕ್ಕೆ ಬಂದವರು ತ್ರಿಕೂಟೇಶ್ವರ, ವೀರನಾರಾಯಣ ಗುಡಿ ನೋಡಿ ಹೋಗುತ್ತಿದ್ದರು. ಈಗ ಒಬ್ಬಿಬ್ಬರು ನಮ್ಮ ಓಣಿಗೂ ಬಂದು ಫೋಟೋ ತೆಗೆದು, ಮನೆ ಉಳಿಸಿದಿರಿ ಅನ್ನುತ್ತಾರೆ. ಅವರು ನಿಂತು ಮಾತಾಡುವ ಜಾಗದಲ್ಲೇ ಕಾಕುವಿನ ಅಡುಗೆಮನೆ ಇತ್ತು. ಗೋಡೆಯಲ್ಲಿ ಅವರ ದೀಪದ ಗೂಡು ಹಾಗೇ ಇದೆ, ಮಸಿ ಸಮೇತ, ಬೀದಿಗೆ ತೆರೆದುಕೊಂಡು. ಮುಚ್ಚಬೇಕೋ ಬೇಡವೋ ಅಂತ ಗೌಂಡಿ ಎರಡು ದಿನದಿಂದ ಕೇಳುತ್ತಿದ್ದಾರೆ. ನಾಳೆ ಕಾಕುಗೆ ಫೋನ್ ಮಾಡಿ ಅವರನ್ನೇ ಕೇಳುತ್ತೇನೆ.

ಇಷ್ಟೆಲ್ಲ ಬರೆಯೋಕೆ ಕೂತಿರಲಿಲ್ಲ. ಬಿಡು. ಭಾನುವಾರ ಬಾ, ಗಿರ್ಮಿಟ್ಟು ಮಿರ್ಚಿ ನನ್ನ ಲೆಕ್ಕ. ಗೌಂಡಿಯವರ ಮುಂದೆ ಏಣಿ ಸುದ್ದಿ ಮಾತ್ರ ತೆಗೀಬೇಡಪ್ಪಾ.