ಗೆಳೆಯನಿಗೊಂದು ಪತ್ರ: ಆ ಸೈಕಲ್ಲಿನ ದುಡ್ಡು

ದೋಸ್ತ,

ನೀನು ಕಳಿಸಿದ ವಿಡಿಯೋ ನೋಡಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಪಕ್ಕ ಸಾಲಾಗಿ ನಿಂತ ಸವಾರಿ ಗಾಡಿಗಳು, ಕಿವಿ ಅಲ್ಲಾಡಿಸುತ್ತಾ ನಿಂತ ಕುದುರೆಗಳು, ಆಚೆ ಬದಿ ಇದನ್ನು ನಿಲ್ಲಿಸಿ ಅಂತ ಬೋರ್ಡು ಹಿಡಿದು ಕೂಗುವ ಜನ. ಕೆಳಗೆ ನೀನು ಒಂದೇ ಸಾಲು ಬರೆದಿದ್ದೆ. "ನಿಮ್ಮಜ್ಜ ಟಾಂಗಾ ಹೊಡೀತಿದ್ರಲ್ಲ, ನೀನೇ ಹೇಳು, ಇದು ಇರಬೇಕಾ ಬೇಡ್ವಾ?"

ಎರಡು ವಾರ ಆಯಿತು, ನಾನು ಉತ್ತರ ಕೊಟ್ಟಿಲ್ಲ. ಸುಮ್ನೆ ಅಲ್ಲ. ಮೊದಲಾಗಿದ್ದರೆ ಒಂದು ನಿಮಿಷವೂ ಬೇಕಿರಲಿಲ್ಲ, "ಇರಬೇಕು" ಅಂತಿದ್ದೆ. ನೆನಪಿದೆಯಾ, 2015ರಲ್ಲಿ ಮುಂಬೈ ಹೈಕೋರ್ಟು ಅಲ್ಲಿನ ವಿಕ್ಟೋರಿಯಾ ಅನ್ನುವ ಕುದುರೆ ಗಾಡಿಗಳ ಮೋಜಿನ ಸವಾರಿ ಕಾನೂನಿಗೆ ವಿರುದ್ಧ, ಒಂದು ವರ್ಷದಲ್ಲಿ ನಿಲ್ಲಿಸಿ ಅಂದಾಗ ನಾವಿಬ್ಬರೂ ಫೋನಿನಲ್ಲಿ ಎಷ್ಟು ಜಗಳ ಆಡಿದ್ವಿ? ನೀನು ಕುದುರೆ ಪರ. ನಾನು ಗಾಡಿಯವರ ಪರ. "ಬಡವರ ಹೊಟ್ಟೆ ಮೇಲೆ ಹೊಡೆಯೋದು ಎಲ್ಲರಿಗೂ ಸುಲಭ" ಅಂತ ಹೇಳಿ ಫೋನ್ ಇಟ್ಟಿದ್ದೆ. ಆಮೇಲೆ ನೀನು ಹದಿನೈದು ದಿನ ನನ್ನನ್ನು "ಸಾರೋಟ್ ಸಾಹೇಬ್ರೇ" ಅಂತ ಕರೆದೆ.

ಈ ಸಲದ ಉತ್ತರ ಉದ್ದ ಇದೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ದಾವಣಗೆರೆಯಲ್ಲಿ ಈ ವರ್ಷ ಮದುವೆ ಇಟ್ಟುಕೊಂಡವರೂ ಓದಲಿ ಅಂತ.

ನಮ್ಮಜ್ಜನ ಟಾಂಗಾ ನಿನಗೆ ಸರಿಯಾಗಿ ನೆನಪಿರಲಿಕ್ಕಿಲ್ಲ. ರೈಲ್ವೆ ಸ್ಟೇಷನ್ ಮುಂದೆ ಬೆಳಗಿನ ಜಾವವೇ ಹೋಗಿ ನಿಲ್ಲುತ್ತಿದ್ದ. ಮಂಡಿಪೇಟೆಗೆ ಬರುವ ವ್ಯಾಪಾರಿಗಳು, ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು, ಹಳೇಪೇಟೆಗೆ ಹೋಗುವ ಮುದುಕರು. ಹತ್ತಿದವರನ್ನೆಲ್ಲಾ ಅಜ್ಜ ತಕ್ಕಡಿ ತೂಗಿದ ಹಾಗೆ ಕೂರಿಸುತ್ತಿದ್ದ. "ನೀವು ಸ್ವಲ್ಪ ಮುಂದಕ್ಕೆ ಸರೀರಿ. ಅವ್ವಾ, ನೀವು ಹಿಂದಕ್ಕೆ ಬರ್ರಿ." ಎರಡೇ ಗಾಲಿಯ ಗಾಡಿ ಅಲ್ವಾ, ಮುಂದೆ ಭಾರ ಜಾಸ್ತಿಯಾದರೆ ಕುದುರೆ ಬೆನ್ನಿಗೆ ಇಳಿಯುತ್ತದೆ, ಹಿಂದೆ ಜಾಸ್ತಿಯಾದರೆ ಹೊಟ್ಟೆಗೆ ಕಟ್ಟಿದ ಪಟ್ಟಿ ಮೇಲಕ್ಕೆ ಜಗ್ಗುತ್ತದೆ. ನಾನು ಮಾತ್ರ ಅಜ್ಜನ ಪಕ್ಕದಲ್ಲೇ. ನಾನು ತೂಕಕ್ಕಿಲ್ಲ ಅಂತಿದ್ದ.

ಕುದುರೆ ಹೆಸರು ರಾಣಿ. ಕಂದು ಬಣ್ಣ, ಹಣೆ ಮೇಲೆ ಬಿಳಿ ಚುಕ್ಕೆ. ಅಶೋಕ ಟಾಕೀಸ್ ಹತ್ತಿರ ಗೇಟು ಹಾಕಿದಾಗ ಅಜ್ಜ ಗಾಡಿ ಇಳಿದು ರಾಣಿಯ ಮುಂದೆ ಹೋಗಿ ನಿಲ್ಲುತ್ತಿದ್ದ. ರೈಲು ದಡದಡ ಅಂತ ಹೋಗುವವರೆಗೂ ಆ ಬಿಳಿ ಚುಕ್ಕೆ ಮೇಲೆ ಅಂಗೈ ಇಟ್ಟಿರುತ್ತಿದ್ದ. ಲಗಾಮು ಹಿಡಿಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಬರೀ ಅಂಗೈ.

ನಮ್ಮೂರ ಹೆಸರಿನಲ್ಲೇ ಕುದುರೆ ಇದೆ ಅಂತಲೂ ಅಜ್ಜ ಹೇಳುತ್ತಿದ್ದ. ಹಿಂದೆ ದಂಡಿನವರು ಇಲ್ಲಿ ಕೆರೆ ಪಕ್ಕ ಕುದುರೆಗಳನ್ನು ದಾವಣಿಗೆ, ಅಂದರೆ ಉದ್ದ ಹಗ್ಗಕ್ಕೆ, ಕಟ್ಟಿ ನೀರು ಕುಡಿಸುತ್ತಿದ್ದರಂತೆ, ಅದಕ್ಕೇ ದಾವಣಗೆರೆ. ಊರಿನ ಹೆಸರಿಗೆ ಬೇರೆ ಬೇರೆ ಕಥೆ ಹೇಳುವವರಿದ್ದಾರೆ. ನಾನಂತೂ ಅಜ್ಜನ ಕಥೆಯನ್ನೇ ಇಟ್ಟುಕೊಂಡಿದ್ದೇನೆ.

ಈಗ ಹೋದ ಏಪ್ರಿಲ್‌ಗೆ ಬರುತ್ತೇನೆ. ಅಕ್ಕನ ಮಗಳ ಮದುವೆ. ಮದುಮಗನ ಮೆರವಣಿಗೆಗೆ ಕುದುರೆ ಸಾರೋಟು ಬೇಕು ಅಂತ ಹುಡುಗರೆಲ್ಲಾ ಹಠ ಹಿಡಿದರು. ಕಾರು ಸಾಕು ಅಂತ ಅಕ್ಕ ಹೇಳಿದಳು. ಸಾರೋಟೇ ಆಗಲಿ ಅಂದವನು ನಾನು. ಅಡ್ವಾನ್ಸ್ ಕೊಟ್ಟವನೂ ನಾನೇ. ಅಜ್ಜನ ನೆನಪಿಗೆ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಸಂಜೆ ಐದೂವರೆಗೆ ಹಳೇ ಪಿ.ಬಿ. ರೋಡಿನಲ್ಲಿ ಮೆರವಣಿಗೆ ಹೊರಟಿತು. ನಮ್ಮೂರ ಏಪ್ರಿಲ್ ನಿನಗೆ ಗೊತ್ತಲ್ಲ, ಬಿಸಿಲು ಇಳಿದರೂ ಡಾಂಬರಿನ ಕಾವು ಇಳಿದಿರುವುದಿಲ್ಲ. ಮುಂದೆ ಡಿಜೆ ಗಾಡಿ, ಅದರ ಹಿಂದೆ ಕುಣಿಯುವ ಹುಡುಗರು, ಅವರ ಹಿಂದೆ ಸಾರೋಟು, ಅದಕ್ಕೆ ಅಂಟಿಕೊಂಡ ಹಾಗೆ ಬಸ್ಸು, ಲಾರಿ, ಆಟೋಗಳ ಹಾರ್ನು. ಕುದುರೆ ತಲೆಗೆ ಬಣ್ಣದ ಪುಕ್ಕ, ಕಾಲಿಗೆ ಗೆಜ್ಜೆ, ಹೊಟ್ಟೆ ಸುತ್ತ ಬ್ಯಾಟರಿ ದೀಪದ ಸರ. ಕಣ್ಣುಪಟ್ಟಿಗೂ ಜರಿ ಹೊಲಿದಿದ್ದರು. ಯಾರೋ ಸರಪಟಾಕಿ ಹಚ್ಚಿದರು. ಕುದುರೆಗೆ ಎರಡೂ ಪಕ್ಕ ಕಾಣುವ ಕಣ್ಣು ಇರುತ್ತದೆ ದೋಸ್ತ, ಬಾಲದ ನೇರ ಹಿಂದಿನದು ಬಿಟ್ಟರೆ ಸುತ್ತಲಿನದು ಹೆಚ್ಚುಕಡಿಮೆ ಎಲ್ಲಾ ಕಾಣುತ್ತದೆ. ಆ ಪಟ್ಟಿ ಕಟ್ಟಿದರೆ ಮುಂದಿನದು ಮಾತ್ರ. ಅಂದರೆ ಆ ಸದ್ದು ಎಲ್ಲಿಂದ ಬಂತು ಅಂತ ಅದಕ್ಕೆ ನೋಡುವ ದಾರಿಯೇ ಇಲ್ಲ. ಅದು ಅಡ್ಡಕ್ಕೆ ಹಾರಿತು. ಲಾಳ ಜಾರಿತು. ಮುಂಗಾಲು ಮಡಚಿ ಕುಸಿಯಿತು.

ಡಿಜೆ ನಿಲ್ಲಲಿಲ್ಲ. ಕುದುರೆ ಬಿದ್ದದ್ದು ಮುಂದಿನವರಿಗೆ ಗೊತ್ತೇ ಆಗಲಿಲ್ಲ.

ನಾನೂ ಗಾಡಿಯ ಹುಡುಗನೂ ಸೇರಿ ಹಿಡಿದು ಎಬ್ಬಿಸಿದೆವು. ಮೊಣಕಾಲು ತರಚಿತ್ತು, ಮುರಿದಿರಲಿಲ್ಲ. ಅವನು ಕೊರಳಪಟ್ಟಿ ಸಡಿಲ ಮಾಡಿದಾಗ ಅದರ ಕೆಳಗೆ ನೋಡಿದೆ. ಹತ್ತು ರೂಪಾಯಿ ಬಿಲ್ಲೆಯಷ್ಟು ಅಗಲ ಚರ್ಮ ಕಿತ್ತು ಹೋಗಿತ್ತು. ಅದರ ಮೇಲೆ ಅರಿಶಿನ ಎಣ್ಣೆ ಕಲಸಿ ಹಚ್ಚಿದ್ದ. ಬೆವರು, ನೊರೆ, ಅರಿಶಿನ ಎಲ್ಲಾ ಸೇರಿ ಹಳದಿಯಾಗಿ ಇಳಿಯುತ್ತಿತ್ತು. ಅಂದರೆ ಅವನಿಗೆ ಗಾಯ ಗೊತ್ತಿತ್ತು, ಕೈಲಾದಷ್ಟು ಔಷಧಿಯನ್ನೂ ಮಾಡಿದ್ದ, ಆದರೂ ಕಟ್ಟಿಕೊಂಡು ಬಂದಿದ್ದ. ಅವನನ್ನು ಕೆಟ್ಟವನು ಅಂತ ಹೇಳಲು ನನಗೆ ಆಗುವುದಿಲ್ಲ.

"ಸಾಕಪ್ಪಾ, ಬಿಚ್ಚು. ಪೂರ್ತಿ ದುಡ್ಡು ಕೊಡ್ತೀನಿ, ಮನೆಗೆ ಕರ್ಕೊಂಡು ಹೋಗು" ಅಂದೆ.

ಅವನು ನನ್ನ ಮುಖ ನೋಡಿದ. "ಅಣ್ಣಾ, ನಡುದಾರೀಲಿ ಬಿಚ್ಚಿದೆ ಅಂತ ಒಬ್ಬರು ವಿಡಿಯೋ ಹಾಕಿದ್ರೆ ನನ್ನ ಯಾರೂ ಕರೆಯಲ್ಲ. ಮದುವೆ ಸೀಸನ್ನಿನಾಗೆ ದುಡಿದ್ರೆ ವರ್ಷ ಪೂರ್ತಿ ಇದಕ್ಕೆ ಹುರುಳಿ. ನಿಧಾನ ಹೋಗ್ತೀನಿ ಬಿಡ್ರಿ."

ನಾನು ಇನ್ನೂ ಒಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಹಿಂದೆ ಹಾರ್ನು, ಮುಂದೆ ಬೀಗರು, ಮೇಲೆ ಕೂತ ಮದುಮಗ ನನ್ನನ್ನೇ ನೋಡುತ್ತಿದ್ದ. ಗಾಡಿ ಹೊರಟಿತು. ಛತ್ರದವರೆಗೆ ನಾನು ಕುದುರೆ ಪಕ್ಕ ನಡೆದೆ. ಪಟಾಕಿ ಹಚ್ಚಬೇಡಿ ಅಂತ ಹುಡುಗರನ್ನು ಬೈದೆ. ನಾನು ಮಾಡಿದ್ದು ಅಷ್ಟೇ.

ಆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ಕೂತು ಓದಿದೆ. ನಮ್ಮ ದೇಶದಲ್ಲಿ 1965ರಿಂದಲೇ ನಿಯಮ ಇದೆ. ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸಬಾರದು, ಒಂದೇ ಸಮನೆ 5 ಗಂಟೆ ಮೀರಬಾರದು, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಲೇಬಾರದು. ಗಾಡಿಯವನು, ಸಣ್ಣ ಮಕ್ಕಳು ಬಿಟ್ಟು ನಾಲ್ಕೇ ಜನ. ಅಜ್ಜನಿಗೆ ಈ ಕಾಗದ ಯಾರೂ ತೋರಿಸಿರಲಿಲ್ಲ, ಆದರೂ ಬೇಸಿಗೆ ಮಧ್ಯಾಹ್ನ ರಾಣಿ ಬೇವಿನ ಮರದ ಕೆಳಗೇ ಇರುತ್ತಿದ್ದಳು. ನಮ್ಮ ಮೆರವಣಿಗೆಯನ್ನು ಈ ನಿಯಮದ ಪಕ್ಕ ಇಟ್ಟು ನೋಡು. ಹೊತ್ತು ಸರಿ ಇತ್ತು, ಗಂಟೆ ಸರಿ ಇತ್ತು, ಜನವೂ ನಾಲ್ಕೇ. ಆದರೂ ಕುದುರೆ ಬಿತ್ತು. ಡಿಜೆಗೂ ಸರಪಟಾಕಿಗೂ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ನಿಮ್ಮ ನ್ಯೂಯಾರ್ಕಿನದೂ ಓದಿದೆ. 68 ಲೈಸೆನ್ಸು, ಸುಮಾರು 200 ಕುದುರೆ. ಬಿಸಿಲು 32 ಡಿಗ್ರಿ ಮುಟ್ಟಿದರೆ ಗಾಡಿ ನಿಲ್ಲಿಸಬೇಕು (ನಮ್ಮಲ್ಲಿ ಏಪ್ರಿಲ್ ಬೆಳಿಗ್ಗೆ ತಿಂಡಿ ಮುಗಿಯುವಷ್ಟರಲ್ಲಿ ಅಷ್ಟಾಗಿರುತ್ತದೆ). ವರ್ಷಕ್ಕೆ ಕನಿಷ್ಠ 5 ವಾರ ಹುಲ್ಲುಗಾವಲಿನಲ್ಲಿ ರಜೆ. ಇಷ್ಟೆಲ್ಲಾ ಇದ್ದೂ 2022ರ ಆಗಸ್ಟಿನಲ್ಲಿ ರೈಡರ್ ಅನ್ನುವ ಕುದುರೆ ನಡುರಸ್ತೆಯಲ್ಲಿ ಕುಸಿದು ಬಿತ್ತು, ಆ ವರ್ಷವೇ ಸತ್ತಿತು. ಅದರ ಹೆಸರಿನಲ್ಲೇ ನಿಷೇಧದ ಮಸೂದೆ ತಂದರು. ಗಾಡಿಯವರ ಯೂನಿಯನ್ ಎದುರು ನಿಂತಿತು. 2025ರ ನವೆಂಬರಿನಲ್ಲಿ ಮಸೂದೆ ನಗರ ಕೌನ್ಸಿಲ್ಲಿನ ಸಮಿತಿಯಲ್ಲೇ ಸೋತಿತು. ಚಿಕಾಗೋದಲ್ಲಿ, ಮಾಂಟ್ರಿಯಲ್‌ನಲ್ಲಿ ನಿಷೇಧ ಆಗಿಯೇ ಹೋಗಿದೆ.

ಇದನ್ನೆಲ್ಲಾ ಓದುತ್ತಾ ಇದ್ದಾಗ ಒಂದು ಹೊತ್ತಿನಲ್ಲಿ ನನಗೆ ಮುಂದೆ ಓದಲು ಆಗಲಿಲ್ಲ. ಒಂದು ಕುದುರೆಯ ಹೆಸರಿಗೆ ಒಂದು ಊರು ಮೂರು ವರ್ಷ ಜಗಳ ಆಡಿದೆ. ನಮ್ಮೂರಲ್ಲಿ ಟಾಂಗಾಗಳು ಹೋದಾಗ ಯಾರು ಜಗಳ ಆಡಿದರು? ಕೇಸೂ ಇಲ್ಲ, ಬೋರ್ಡು ಹಿಡಿದವರೂ ಇಲ್ಲ. ಆಟೋ ಬಂತು. ಸ್ಟೇಷನ್ ಮುಂದೆ ಇವತ್ತು ಒಂದು ಟಾಂಗಾ ಕಮ್ಮಿ, ಮುಂದಿನ ತಿಂಗಳು ಇನ್ನೊಂದು ಕಮ್ಮಿ. ಮಿಲ್ಲುಗಳು ಮುಚ್ಚಿದಾಗಲಾದರೂ ಕೆಂಪು ಬಾವುಟ ಹಿಡಿದು ಜನ ಬೀದಿಗೆ ಬಂದಿದ್ದರು.

ದೋಸ್ತ, ನಿನಗೆ ಒಂದು ಸುಳ್ಳು ಹೇಳಿದ್ದೆ. ರಾಣಿಗೆ ವಯಸ್ಸಾಗಿತ್ತು, ಸತ್ತುಹೋದಳು ಅಂತ. ನಿನಗೆ ಮಾತ್ರ ಅಲ್ಲ, ನನ್ನ ಹೆಂಡತಿಗೂ ಮಕ್ಕಳಿಗೂ ಅದನ್ನೇ ಹೇಳಿದ್ದೇನೆ. ರಾಣಿ ಸಾಯಲಿಲ್ಲ. ಅವಳನ್ನು ಮಾರಿದೆವು.

1988. ನನಗೆ ಹತ್ತು ವರ್ಷ. ಅಜ್ಜನ ಕಣ್ಣು ಮಂಜಾಗಿತ್ತು, ದಿನಕ್ಕೆ ಎರಡು ಬಾಡಿಗೆ ಸಿಕ್ಕರೆ ಹೆಚ್ಚು. ಹರಿಹರದ ಕಡೆಯವನೊಬ್ಬ ಬಂದ. ಬಾಯಿ ಬಿಡಿಸಿ ಹಲ್ಲು ನೋಡಿದ, ಕಾಲು ಎತ್ತಿ ಗೊರಸು ನೋಡಿದ. ಅಪ್ಪ ವ್ಯಾಪಾರ ಮುಗಿಸಿದ. ಅಜ್ಜ ಒಳಗೆ ಗೋಡೆ ಕಡೆ ತಿರುಗಿ ಮಲಗಿದ್ದ. ಹಗ್ಗವನ್ನು ಆ ಮನುಷ್ಯನ ಕೈಗೆ ಕೊಡಲು ಅಪ್ಪ ನನಗೆ ಹೇಳಿದ. ನಾನು ಓಡಿ ಹೋಗಿ ಕೊಟ್ಟೆ. ಯಾಕೆ ಓಡಿದೆ ಗೊತ್ತಾ? ಆ ದುಡ್ಡಿನಲ್ಲಿ ನನಗೆ ಸೈಕಲ್ ಕೊಡಿಸುತ್ತೇನೆ ಅಂತ ಅಪ್ಪ ಹಿಂದಿನ ರಾತ್ರಿ ಹೇಳಿದ್ದ.

ಹಸಿರು ಸೈಕಲ್. ನೀನು ನನ್ನ ಹಿಂದೆ ಕೂತು ಐದು ವರ್ಷ ಓಡಾಡಿದೆಯಲ್ಲ, ಅದೇ. ಕುಂದುವಾಡ ಕೆರೆಗೆ ಹೋಗಿ ನಿನ್ನ ಚಪ್ಪಲಿ ಕಳೆದದ್ದು ಅದರಲ್ಲೇ.

ರಾಣಿಯನ್ನು ಎಲ್ಲಿಗೆ ಒಯ್ಯುತ್ತೀಯ ಅಂತ ನಾವು ಯಾರೂ ಅವನನ್ನು ಕೇಳಲಿಲ್ಲ. ಟಾಂಗಾಕ್ಕೋ, ಇಟ್ಟಿಗೆ ಹೊರುವುದಕ್ಕೋ, ಇನ್ನೆಲ್ಲಿಗೋ. ಕೇಳಿದ್ದರೆ ಹೇಳುತ್ತಿದ್ದನೇನೋ.

ಮಾರನೇ ದಿನ ಸಂಜೆ ಅಜ್ಜ ಎದ್ದು ಅಭ್ಯಾಸದಂತೆ ಬಕೆಟ್ಟಿನಲ್ಲಿ ಹುರುಳಿ ನೆನೆಹಾಕಿದ. ಯಾರೂ ಏನೂ ಹೇಳಲಿಲ್ಲ. ಬೆಳಿಗ್ಗೆ ಬಕೆಟ್ಟು ನೋಡಿಕೊಂಡು ಅಂಗಳದಲ್ಲೇ ನಿಂತುಬಿಟ್ಟ. ಕಾಳು ಹಾಳಾಗಬಾರದು ಅಂತ ಅಜ್ಜಿ ಅದನ್ನೇ ಬೇಯಿಸಿ ಹುರುಳಿಕಟ್ಟಿನ ಸಾರು ಮಾಡಿದಳು. ಅಜ್ಜ ಅವತ್ತು ತಟ್ಟೆ ಮುಂದೆ ಕೂರಲಿಲ್ಲ. ನಾನು ಎರಡು ಸಲ ಬಡಿಸಿಕೊಂಡು ತಿಂದು ಸೈಕಲ್ ಕಲಿಯಲು ಹೋದೆ.

ಮೂವತ್ತೇಳು ವರ್ಷ ಇದು ನನಗೆ ಭಾರ ಅನ್ನಿಸಿರಲಿಲ್ಲ. ಪಿ.ಬಿ. ರೋಡಿನಲ್ಲಿ ಆ ಹುಡುಗ "ವರ್ಷ ಪೂರ್ತಿ ಇದಕ್ಕೆ ಹುರುಳಿ" ಅಂದಾಗ ಎಲ್ಲಾ ಒಟ್ಟಿಗೆ ಬಂತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬೇಡ. ಬಸ್ಸು ಲಾರಿ ಓಡುವ ರಸ್ತೆಯಲ್ಲಿ, ಡಿಜೆ ಹಿಂದೆ, ಪಟಾಕಿ ನಡುವೆ ಕುದುರೆ ಬೇಡ. 2015ರಲ್ಲಿ ನೀನು ಹೇಳಿದ್ದೇ ಸರಿ. ಆದರೆ ನಾನು ಹೇಳಿದ್ದನ್ನೂ ಬಿಡಬೇಡ. ಮುಂಬೈ ಕೋರ್ಟು ಗಾಡಿ ನಿಲ್ಲಿಸಿ ಅಂದಾಗ ಅದನ್ನೇ ನಂಬಿದ್ದ ಕುಟುಂಬಗಳಿಗೆ ಪುನರ್ವಸತಿ ಯೋಜನೆ ಮಾಡಿ ಅಂತಲೂ ಸರ್ಕಾರಕ್ಕೆ ಹೇಳಿತ್ತು. ಆ ಮಾತು ಮೊದಲು ನಡೆಯಬೇಕು, ಗಾಡಿ ಆಮೇಲೆ ನಿಲ್ಲಬೇಕು. ಆ ಹುಡುಗನಿಗೆ ನಾಳೆಯ ಕೆಲಸ ಏನು, ಆ ಕುದುರೆಗೆ ಸಾಯುವವರೆಗೆ ಹುಲ್ಲು ಹಾಕುವವರು ಯಾರು, ಇವೆರಡನ್ನು ಬರೆಯದೆ ಬರೀ "ನಿಷೇಧಿಸಲಾಗಿದೆ" ಅಂತ ಬರೆದರೆ ರಾಣಿಗೆ ಆದದ್ದೇ ಆಗುತ್ತದೆ. ಹಗ್ಗ ಹಿಡಿದುಕೊಂಡು ಓಡಿ ಹೋಗಿ ಕೊಡುವವರು ಸಿಕ್ಕೇ ಸಿಗುತ್ತಾರೆ.

ಹೋದ ಭಾನುವಾರ ಆ ಹುಡುಗನ ಮನೆ ಹುಡುಕಿಕೊಂಡು ಹೋಗಿದ್ದೆ. ಕುದುರೆಯ ಮೊಣಕಾಲು ವಾಸಿಯಾಗಿದೆ. ಕೊರಳಿನ ಗಾಯ ಆರಿ ಅಲ್ಲಿ ಬಿಳಿ ಕೂದಲು ಬಂದಿದೆ. ಹೆಸರು ಬಾದಲ್. ಐದು ಕೆಜಿ ಹುರುಳಿ ಒಯ್ದಿದ್ದೆ. ಅವನು ಬೇಡ ಅಂದ, ಆಮೇಲೆ ಇಸ್ಕೊಂಡ. ಚಹಾ ಕೊಟ್ಟ. ಅವನಿಗೂ ಆಟೋ ಕೊಳ್ಳುವ ಆಸೆ ಇದೆಯಂತೆ. "ಹಾಗಾದ್ರೆ ಇದನ್ನ?" ಅಂದೆ. ಅವನು ಬಾದಲ್ ಕಡೆ ನೋಡಿದ, ಉತ್ತರ ಹೇಳಲಿಲ್ಲ.

ಸಾಕು. ಇಷ್ಟೆಲ್ಲಾ ಬರೆಯುತ್ತೇನೆ ಅಂತ ಕೂತಿರಲಿಲ್ಲ. ಬೇರೆ ಸುದ್ದಿ ಹೇಳುತ್ತೇನೆ. ಅಮ್ಮ ಚೆನ್ನಾಗಿದ್ದಾರೆ, ನೀನು ದಪ್ಪ ಆಗಿದ್ದೀಯ ಅಂತ ಫೋಟೋ ನೋಡಿ ಸಂತೋಷಪಟ್ಟರು. ನೀನು ಬರುವ ಹೊತ್ತಿಗೆ ಮಳೆ ನಿಂತಿರುತ್ತದೆ. ಸ್ಟೇಷನ್ನಿನಿಂದ ಸೀದಾ ಬೆಣ್ಣೆದೋಸೆಗೆ ಹೋಗೋಣ, ಸಂಜೆಗೆ ಮಿರ್ಚಿ ಮಂಡಕ್ಕಿ. ಎರಡನೇ ಪ್ಲೇಟು ಯಾರದು ಅಂತ ಈಗಲೇ ತೀರ್ಮಾನ ಮಾಡಿಕೊಂಡು ಬಾ. ನಿನಗೆ ಮೂವತ್ತು ವರ್ಷದಿಂದ ಒಂದು ಜೊತೆ ಚಪ್ಪಲಿಯ ಬಾಕಿ ಇದೆ, ಅದನ್ನೂ ಕೊಡುತ್ತೇನೆ. ಸೈಜು ಕಳಿಸು.

ನಿನ್ನ,
ಸಾರೋಟ್ ಸಾಹೇಬ