ಬಸ್ ವೇಳಾಪಟ್ಟಿ ಎಲ್ಲರಿಗೂ ಸಿಗಲಿ

ಮಾನ್ಯರೇ,

ಕಳೆದ ತಿಂಗಳು ಒಂದು ಸಂಜೆ ನವರಂಗ್ ಸ್ಟಾಪಿನಲ್ಲಿ ನಿಂತಿದ್ದೆ. ಒಬ್ಬ ಅಜ್ಜಿ ಬಂದು, "ಬನಶಂಕರಿ ಬಸ್ಸು ಇಲ್ಲೇ ಬರುತ್ತಾಮ್ಮಾ, ಇಲ್ಲಾ ಆ ಕಡೆ ನಿಲ್ಲಬೇಕಾ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಮೊಬೈಲ್ ತೆಗೆದು ಒಂದು ಆ್ಯಪ್ ಒತ್ತಿದೆ. ನಕ್ಷೆ ಬರಲೇ ಇಲ್ಲ, ಬರೀ ಚಕ್ರ ಸುತ್ತುತ್ತಿತ್ತು. ಅಷ್ಟರಲ್ಲಿ ಎದುರು ಬದಿಯಿಂದ ಬನಶಂಕರಿ ಬೋರ್ಡಿನ ಬಸ್ಸು ಹೊರಟೇಹೋಯಿತು. ಅಜ್ಜಿ ಏನೂ ಅನ್ನಲಿಲ್ಲ. ನನಗೇ ತುಂಬಾ ಬೇಜಾರಾಯಿತು.

ನಾನು ಕಂಪ್ಯೂಟರ್ ಕೆಲಸದವಳು. ನಮ್ಮ ಬಡಾವಣೆಯಿಂದ ಮೆಜೆಸ್ಟಿಕ್ ಕಡೆ ಹೋಗುವ ಬಸ್ಸುಗಳಿಗೆ ಒಂದು ಪುಟ್ಟ ನಕ್ಷೆ ಮಾಡೋಣ ಅಂತ ಕೂತೆ. ರಸ್ತೆಗಳು, ಎಷ್ಟೋ ಸ್ಟಾಪುಗಳು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸಿಕ್ಕವು. 2004ರಿಂದ ಜನರೇ ಸೇರಿ ಕಟ್ಟುತ್ತಿರುವ ನಕ್ಷೆ ಅದು. ಬಿಟ್ಟುಹೋಗಿದ್ದ ಸ್ಟಾಪುಗಳನ್ನು ಎರಡು ಸಂಜೆ ಓಡಾಡಿ ಸೇರಿಸಿದೆ.

ಮೊದಲು ಮಾಡಿದ್ದು ಅಮ್ಮನ ಹಳೇ ಫೋನಿನಲ್ಲಿ ತೆರೆಯಲೇ ಇಲ್ಲ. ಯಾಕೆ ಅಂತ ಕಡತ ಬಿಚ್ಚಿ ನೋಡಿದರೆ, ಒಂದೊಂದು ಬಿಂದುವಿನ ಅಕ್ಷಾಂಶಕ್ಕೂ ದಶಮಾಂಶದ ನಂತರ 14 ಅಂಕಿ! ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್‌ವರೆಗೆ ಜಾಗ ಸರಿಯಾಗಿ ಸಿಗುತ್ತದೆ. ಬಸ್ ಸ್ಟಾಪಿಗೆ ಅದಕ್ಕಿಂತ ಜಾಸ್ತಿ ಯಾಕೆ ಬೇಕು? ಉಳಿದದ್ದನ್ನು ಕತ್ತರಿಸಿದೆ. ನೇರ ರಸ್ತೆಯಲ್ಲಿ ಸುಮ್ನೆ ಸಾಲಾಗಿ ಕೂತಿದ್ದ ಬಿಂದುಗಳನ್ನು ತೆಗೆದೆ. ಹತ್ತು ಬಸ್ಸು ಒಂದೇ ರಸ್ತೆಯಲ್ಲಿ ಹೋಗುತ್ತಿದ್ದರೆ ಹತ್ತು ಗೆರೆ ಬೇಡ, ಒಂದೇ ಗೆರೆ ಎಳೆದು ಬಸ್ ನಂಬರುಗಳನ್ನು ಪಕ್ಕದಲ್ಲಿ ಬರೆದರೆ ಸಾಕು. ತೋರಿಸುವುದಕ್ಕೆ ಲೀಫ್‌ಲೆಟ್ ಎಂಬ ಉಚಿತ ತಂತ್ರಾಂಶವಿದೆ, 50 ಕಿಲೋಬೈಟ್‌ಗೂ ಕಡಿಮೆ. ಈಗ ನೆಟ್‌ವರ್ಕಿನ ಒಂದೇ ಕಡ್ಡಿ ಇದ್ದರೂ ಅಮ್ಮನ ಫೋನಿನಲ್ಲಿ ನಕ್ಷೆ ತೆರೆದುಕೊಳ್ಳುತ್ತದೆ.

ಆದರೆ ಅಮ್ಮ ಕೇಳಿದ ಮೊದಲ ಪ್ರಶ್ನೆಯೇ, "ರಾತ್ರಿ ಕೊನೇ ಬಸ್ಸು ಎಷ್ಟು ಗಂಟೆಗೆ?" ಅದು ನನ್ನ ನಕ್ಷೆಯಲ್ಲಿ ಇಲ್ಲ. ಸ್ಟಾಪುಗಳನ್ನು ನಡೆದು ಹುಡುಕಬಹುದು. ಇಡೀ ಊರಿನ ಬಸ್ಸುಗಳ ವೇಳೆಯನ್ನು ಯಾರು ನಿಂತು ಬರೆದುಕೊಳ್ಳಲು ಸಾಧ್ಯ? ಅದು ಇರುವುದು ಸಾರಿಗೆ ನಿಗಮದ ಕಂಪ್ಯೂಟರಿನಲ್ಲಿ.

ಅದನ್ನು ಹಂಚಿಕೊಳ್ಳುವ ದಾರಿ ಹೊಸದೇನಲ್ಲ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ ಶುರು ಮಾಡಿದ ಜಿಟಿಎಫ್‌ಎಸ್ ಎಂಬ ಮಾದರಿಯನ್ನು ಇಂದು ಎಷ್ಟೋ ದೇಶಗಳು ಬಳಸುತ್ತಿವೆ. ಅದೇನು ದೊಡ್ಡ ಯಂತ್ರವಲ್ಲ, ಕೆಲವು ಸಾದಾ ಪಠ್ಯ ಕಡತಗಳ ಒಂದು ಗಂಟು. ಒಂದರಲ್ಲಿ ಸ್ಟಾಪುಗಳು, ಒಂದರಲ್ಲಿ ಮಾರ್ಗಗಳು, ಇನ್ನೊಂದರಲ್ಲಿ ಯಾವ ಬಸ್ಸು ಯಾವ ಸ್ಟಾಪಿಗೆ ಎಷ್ಟು ಗಂಟೆಗೆ ಎಂಬ ಪಟ್ಟಿ. ನಮ್ಮ ದೇಶದಲ್ಲೂ 2018ರಲ್ಲಿ ಕೊಚ್ಚಿ ಮೆಟ್ರೊ ತನ್ನ ವೇಳಾಪಟ್ಟಿಯನ್ನು ಹೀಗೆ ಬಿಟ್ಟುಕೊಟ್ಟಿತು. ಅದೇ ವರ್ಷ ದೆಹಲಿ ಸರ್ಕಾರ ಅಲ್ಲಿನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿ ಜೊತೆ ಸೇರಿ, ಬಸ್ಸು ಈಗ ಎಲ್ಲಿದೆ ಎಂಬುದನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿತು.

ನಮ್ಮ ರಾಜ್ಯದ ಎಲ್ಲ ಸಾರಿಗೆ ನಿಗಮಗಳಿಂದಲೂ ಇದೇ ಸಿಗಬೇಕು. ಅರ್ಜಿ, ಅನುಮತಿ ಏನೂ ಇಲ್ಲದೆ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗಿರಲಿ. ಮಾರ್ಗ ಬದಲಾದ ದಿನವೇ ಕಡತವೂ ಬದಲಾಗಲಿ. ಹಳೇ ವೇಳೆ ತೋರಿಸುವ ನಕ್ಷೆಯನ್ನು ನಂಬಿ ರಾತ್ರಿ ಹೊತ್ತು ಯಾರಾದರೂ ಕಾದು ನಿಂತರೆ ಕಷ್ಟ ಅಲ್ವಾ? ಸ್ಟಾಪಿನ ಹೆಸರು ಕನ್ನಡದಲ್ಲಿ ಇರಲೇಬೇಕು. ಈ ಮಾದರಿಯಲ್ಲಿ ಬೇರೆ ಬೇರೆ ಭಾಷೆಯ ಹೆಸರುಗಳಿಗೆ ಜಾಗ ಇದ್ದೇ ಇದೆ. ರಸ್ತೆಯ ಎರಡು ಬದಿಯ ಸ್ಟಾಪುಗಳನ್ನು ಒಂದೇ ಹೆಸರಿನಡಿ ಸೇರಿಸದೆ ಎರಡಾಗಿಯೇ ಬರೆಯಲಿ. ಆ ಅಜ್ಜಿ ಕೇಳಿದ್ದು ಅದನ್ನೇ.

– ದಿನವೂ ಬಸ್ಸಿನಲ್ಲಿ ಓಡಾಡುವವಳು, ಬೆಂಗಳೂರು