ತಲೆಗೂದ್ಲಿಗೆ ದುಡ್ಡು ಎಲ್ಲಿ ಹಾಕ್ಬೇಕು?

ಸಂಪಾದಕರಿಗೆ ನಮಸ್ಕಾರ,

ನಮ್ಮ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ 2 ವರ್ಷಕ್ಕೊಂದ್ಸಲ, ಆದ್ರೆ ನಮ್ಮನೆ ಬಚ್ಚಲಲ್ಲಿ ಶಾಂಪೂ ಬಾಟ್ಲಿಗಳ ಜಾತ್ರೆ ವರ್ಷಪೂರ್ತಿ. ಮಗಳಿಗೆ ನಾನು ಹೇಳೋದಿಷ್ಟೇ, ಶಾಂಪೂ ತಲೆ ಮೇಲೆ 2 ನಿಮಿಷ ಇದ್ದು ಮೋರಿಗೆ ಹೋಗತ್ತೆ, ಅದಕ್ಯಾಕೆ 500 ರೂಪಾಯಿ, ಬುಡಕ್ಕೆ ಮಾತ್ರ ಹಚ್ಚು, ನೊರೆ ಇಳೀತಾ ತುದಿ ತಾನೇ ಕ್ಲೀನ್ ಆಗತ್ತೆ. ಕಂಡೀಷನರ್ ಬೇಕಿದ್ರೆ ಸ್ವಲ್ಪ ಒಳ್ಳೇದು ತಗೊಳ್ಲಿ, ಅದು ತುದಿಗೆ. ಹಿತ್ತಲ ದಾಸವಾಳದ ಎಲೆ ಕಿವುಚಿದ್ರೆ ಬರೋ ಲೋಳೆಗಂತೂ ಕಾಸೇ ಬೇಡ (ಬಚ್ಚಲ ಜಾಲರಿ ಕಟ್ಕೊಳ್ಳತ್ತೆ, ಅದೊಂದು ರಗಳೆ). ಎಣ್ಣೆ ಅಂದ್ರೆ ಗಾಣದ ಕೊಬ್ಬರಿ ಎಣ್ಣೆ ಸಾಕು, ಹತ್ತಾರು ಗಿಡಮೂಲಿಕೆ ಅಂತ ಬರೆದ ಬಾಟ್ಲಿಗೆ ಮೂರು ಪಟ್ಟು ಯಾಕೆ ಕೊಡೋದು?

ಖರ್ಚು ಮಾಡೋದಾದ್ರೆ ಡಾಕ್ಟ್ರಿಗೆ ಮಾಡಿ. ಇಲ್ಲಿ ಮಳೆಗಾಲದಲ್ಲಿ ಕೂದ್ಲು ಒಣಗೋದೇ ಇಲ್ಲ, ಹೊಟ್ಟಾಗಿ ಒಂದೇ ತುರಿಕೆ, ನಾನು ಲಿಂಬೆಹಣ್ಣು ಉಜ್ಜಿ ಉಜ್ಜಿ ಉರಿ ಮಾಡ್ಕೊಂಡೆ, ಕೊನೆಗೆ ಚರ್ಮದ ಡಾಕ್ಟ್ರು ಬರೆದ 2% ಕೀಟೋಕೊನಜೋಲ್ (ಫಂಗಸ್ ತಡೆಯೋ ಔಷಧಿ) ಇರೋ ಶಾಂಪೂ ವಾರಕ್ಕೆ 2 ಸಲ ಹಚ್ಚಿ 5 ನಿಮಿಷ ಬಿಟ್ಟು ತೊಳೆದೆ, ತಿಂಗಳೊಳಗೆ ಇಳೀತು. ಆ ನಿಂಬೆ ಖರ್ಚಲ್ಲಿ ಉಪ್ಪಿನಕಾಯಿನಾದ್ರೂ ಹಾಕ್ಬಹುದಿತ್ತು!

ನಿಮ್ಮ ಪೇಪರಲ್ಲಿ ಸೌಂದರ್ಯದ ಪುಟಕ್ಕೆ ಒಬ್ರು ಚರ್ಮದ ಡಾಕ್ಟ್ರ ಹತ್ರ ಬರೆಸಿ.

ಒಬ್ಬ ಓದುಗಳು, ಶಿರಸಿ